ಹೇಯವೂ 'ನಾನು' ಎಂಬ ಮೇರೆಯೂ

'ನಾನಾರು?' ಎಂಬ ಪ್ರಶ್ನೆಗೆ ಲೋಕದವರು ಕೊಡುವ ಉತ್ತರ ಸಾಮಾನ್ಯವಾಗಿ ತಾವು ಹೊಂದಿರುವುದರ ಲೆಕ್ಕವಾಗಿರುತ್ತದೆ: ಇಂಥ ಊರಿನವನು, ಇಂಥ ಮನೆತನದವನು, ಇಂಥ ಕಾಯಕದವನು, ಇಂಥ ಗುರುವಿನ ಶಿಷ್ಯನು. ಆದರೆ ಬಾಯಿ ಉತ್ತರ ಹೇಳುವುದಕ್ಕೆ ಮುಂಚೆಯೇ ಮೈ ಇನ್ನೊಂದು ಉತ್ತರವನ್ನು ಕೊಟ್ಟುಬಿಟ್ಟಿರುತ್ತದೆ. ಯಾವುದೋ ಒಂದು ವಸ್ತುವನ್ನು ಕಂಡೊಡನೆ ಗಂಟಲು ಬಿಗಿಯುತ್ತದೆ, ಮೂಗು ಮುರಿಯುತ್ತದೆ, ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. 'ಅದು ನಾನಲ್ಲ; ಅದು ನನ್ನನ್ನು ಮುಟ್ಟಲಾಗದು' ಎಂದು ಮೈ ಸಾರುತ್ತದೆ. ಮನುಷ್ಯನು ತಾನು ಯಾರೆಂಬುದನ್ನು ಹಿಡಿದುದರಿಂದ ಗೊತ್ತುಮಾಡಿಕೊಳ್ಳುವಂತೆ ಬಿಸುಟುದರಿಂದಲೂ ಗೊತ್ತುಮಾಡಿಕೊಳ್ಳುತ್ತಾನೆ. ಹಾಗಾದರೆ ಈ ಹೇಸಿಕೆಗೆ ಧರ್ಮದ ಅಧಿಕಾರವುಂಟೇ? ಮೈ ಹೇಸಿತೆಂಬ ಮಾತ್ರಕ್ಕೆ ಹೇಸಿದ ವಸ್ತುವು ಕೀಳೆಂದೂ, ಅದನ್ನು ಮುಟ್ಟಿದ ಮನುಷ್ಯನು ಕೀಳೆಂದೂ ತೀರ್ಮಾನಿಸಬಹುದೇ? ಇದು ಗ್ರಂಥಗಳಲ್ಲಿ ಚರ್ಚಿಸಿ ಮುಗಿಸುವ ಪ್ರಶ್ನೆಯಲ್ಲ. ಅಡಿಗೆಮನೆಯಲ್ಲಿ, ಹಿತ್ತಿಲಲ್ಲಿ, ಊಟದ ಪಂಕ್ತಿಯಲ್ಲಿ ದಿನವೂ ಏಳುವ ಪ್ರಶ್ನೆ.

'ಹೇಯ' ಎಂಬ ಶಬ್ದವನ್ನು ಇಂದು ಅಸಹ್ಯವಾದುದು ಎಂಬ ಅರ್ಥದಲ್ಲಿ ಬಳಸುವ ರೂಢಿಯುಂಟು. ಅದರ ಧಾತ್ವರ್ಥ 'ಬಿಡತಕ್ಕದ್ದು' ಎಂದು. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಹೇಯ, ಉಪಾದೇಯ ಎಂಬ ಜೋಡಿ ಮಾತುಗಳು ಬರುತ್ತವೆ: ಬಿಡತಕ್ಕದ್ದು, ಹಿಡಿಯತಕ್ಕದ್ದು. ಪಾಶ್ಚಾತ್ಯ ಮನೋವಿಶ್ಲೇಷಕರು ಈ ವಿಷಯಕ್ಕೆ ಬಳಸುವ 'ಅಬ್ಜೆಕ್ಷನ್' ಎಂಬ ಶಬ್ದವೂ 'ಆಚೆಗೆ ಎಸೆ' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಎರಡು ಕಡೆಯಲ್ಲಿಯೂ ಮೊದಲು ಇರುವುದು ಕ್ರಿಯೆ. ಗುಣವು ಬಂದುದು ಆಮೇಲೆ. ವಸ್ತುವು ಅಸಹ್ಯವಾದುದರಿಂದ ಎಸೆಯಲ್ಪಟ್ಟಿತೆಂದು ಜನರು ತಿಳಿಯುತ್ತಾರೆ. ಎಸೆದುದರಿಂದ ಅದು ಅಸಹ್ಯವಾಯಿತೆಂದು ಶಬ್ದದ ಚರಿತ್ರೆ ಸೂಚಿಸುತ್ತದೆ. ಈ ಸೂಚನೆಯನ್ನು ಹಿಡಿದು ಮುಂದೆ ಹೋಗುವುದು ಲೇಸು.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್‌ನು 1955ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕವೊಂದರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಸೂಚಿಸಿದನು. ಬಾಯಲ್ಲಿರುವ ಜೊಲ್ಲನ್ನು ನುಂಗುವುದನ್ನು ಮನುಷ್ಯನು ಕಲ್ಪಿಸಿಕೊಳ್ಳಲಿ. ಆಮೇಲೆ ಅದೇ ಜೊಲ್ಲನ್ನು ಲೋಟದಲ್ಲಿ ಉಗುಳಿ ಕುಡಿಯುವುದನ್ನು ಕಲ್ಪಿಸಿಕೊಳ್ಳಲಿ. ಮೊದಲನೆಯದು ದಿನವೆಲ್ಲ ನಡೆಯುವ ಕ್ರಿಯೆ. ಎರಡನೆಯದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ. ವಸ್ತು ಅದೇ, ಅದರಲ್ಲಿ ಹೊಸದಾಗಿ ಯಾವ ವಿಷವೂ ಸೇರಿಲ್ಲ. ತುಟಿಯೆಂಬ ಮೇರೆಯನ್ನು ದಾಟಿ ಹೊರಗೆ ಬಂದುದೊಂದೇ ಅದರ ಅಪರಾಧ. ತಲೆಯ ಮೇಲಿರುವಾಗ ಎಣ್ಣೆ ಹಚ್ಚಿ ಹೂ ಮುಡಿಸಿಕೊಳ್ಳುವ ಕೂದಲು ಅನ್ನದಲ್ಲಿ ಸಿಕ್ಕರೆ ಎಡೆಯನ್ನೇ ಬಿಟ್ಟೇಳುವಂತೆ ಮಾಡುತ್ತದೆ. ಹೇಸಿಕೆಯು ವಸ್ತುವಿನಲ್ಲಿ ನೆಲೆಸಿದ ಗುಣವಾಗಿದ್ದರೆ ಹೀಗಾಗುತ್ತಿರಲಿಲ್ಲ. 'ನಾನು' ಎಂಬುದರ ಮೇರೆ ಎಲ್ಲಿ ಮುಗಿಯುವುದೋ ಅಲ್ಲಿ ಹೇಸಿಕೆ ಕಾವಲು ನಿಂತಿರುತ್ತದೆ.

ಈ ಕಾವಲು ಆರೋಗ್ಯಕ್ಕಾಗಿ ಇದೆಯೆಂದು ಹೇಳುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊಳೆತುದನ್ನು ಕಂಡು ಹಿಂಜರಿಯುವ ಮೈಗೆ ರೋಗವು ತಗಲುವುದು ಕಡಿಮೆ. ಆದರೆ ಪಾಲ್ ರೋಜಿನ್ ಮತ್ತು ಅವನ ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗಗಳು ಉಳಿದರ್ಧವನ್ನು ತೋರಿಸಿಕೊಟ್ಟವು. ಸತ್ತ ಜಿರಲೆಯೊಂದನ್ನು ಯಾವ ಕ್ರಿಮಿಯೂ ಉಳಿಯದಂತೆ ಶುದ್ಧಿಗೊಳಿಸಿ ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲವೆಂದು ತಿಳಿಸಿ ಹೇಳಿದರೂ ಆ ರಸವು ಜನರಿಗೆ ಬೇಡವಾಯಿತು. ಬುದ್ಧಿಗೆ ಒಪ್ಪಿಗೆಯಾದುದು ಮೈಗೆ ಒಪ್ಪಿಗೆಯಾಗಲಿಲ್ಲ. ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಹಸುಗೂಸಿಗೆ ಈ ಹೇಸಿಕೆ ಇರುವುದಿಲ್ಲ. ಅದು ತನ್ನ ಮಲವನ್ನೇ ತಾನು ಮುಟ್ಟಿ ಆಡುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ದೊಡ್ಡವರು 'ಛೀ' ಎಂದು ಮುಖ ಕಿವಿಚಿ ಕೈ ತಟ್ಟಿ ಬಿಡಿಸಿದ ಮೇಲೆ, ವರ್ಷಗಳ ಶಿಕ್ಷಣದಿಂದ, ಅದಕ್ಕೆ ಹೇಸಿಕೆ ಬರುತ್ತದೆ. ಏನನ್ನು ಕಂಡು ಹೇಸಬೇಕೆಂಬುದನ್ನು ಕೂಸು ಮಾತು ಕಲಿಯುವ ಹಾಗೆಯೇ, ಮನೆಯವರ ಮುಖವನ್ನು ನೋಡಿ ಕಲಿಯುತ್ತದೆ.

ಭರತನ ನಾಟ್ಯಶಾಸ್ತ್ರವು ಬೀಭತ್ಸ ರಸಕ್ಕೆ ಜುಗುಪ್ಸೆಯನ್ನು ಸ್ಥಾಯಿಭಾವವೆಂದು ಎಣಿಸಿತು. ಅಂದರೆ ಜುಗುಪ್ಸೆಯು ಬಂದು ಹೋಗುವ ಚಿತ್ತವೃತ್ತಿಯಲ್ಲ, ಮಾನವನಲ್ಲಿ ನೆಲೆಯಾಗಿ ಇರುವಂಥದು ಎಂಬ ಅರಿವು ಈ ನಾಡಿನಲ್ಲಿ ಬಹು ಹಿಂದಿನಿಂದಲೂ ಇತ್ತು. ಪಶ್ಚಿಮದಲ್ಲಿ ಸಿಗ್ಮಂಡ್ ಫ್ರಾಯ್ಡ್‌ನು 1905ರಲ್ಲಿ ಲಜ್ಜೆ, ಹೇಸಿಕೆ, ನೀತಿ ಎಂಬ ಇವುಗಳನ್ನು ಮನಸ್ಸಿನ ಪ್ರವಾಹಕ್ಕೆ ಅಡ್ಡ ಕಟ್ಟಿದ ಒಡ್ಡುಗಳೆಂದು ವರ್ಣಿಸಿದನು. 1913ರಲ್ಲಿ ಬಂದ ಅವನ ಇನ್ನೊಂದು ಗ್ರಂಥವು ನಿಷೇಧಗಳನ್ನು ಕುರಿತುದು. ನಿಷಿದ್ಧವಾದ ವಸ್ತುವಿನ ವಿಷಯದಲ್ಲಿ ಮನಸ್ಸು ಇಬ್ಬಗೆಯಾಗಿರುತ್ತದೆ, ದೂರ ತಳ್ಳುವ ಕೈಯೇ ಒಳಗೊಳಗೆ ಅದನ್ನು ಬಯಸುತ್ತಿರುತ್ತದೆ ಎಂಬುದು ಅಲ್ಲಿಯ ಮುಖ್ಯ ಮಾತು.

ಸಮಾಜದ ಕಡೆಯಿಂದ ಇದನ್ನು ನೋಡಿದವರಲ್ಲಿ ಇಂಗ್ಲೆಂಡಿನ ಮೇರಿ ಡಗ್ಲಸ್ ಮುಖ್ಯಳು. 1966ರಲ್ಲಿ ಪ್ರಕಟವಾದ ಅವಳ ಗ್ರಂಥದ ತಾತ್ಪರ್ಯವಿಷ್ಟು: ಕೊಳೆಯೆಂಬುದು ಸ್ವತಂತ್ರ ವಸ್ತುವಲ್ಲ, ಇರಬೇಕಾದ ಜಾಗವನ್ನು ಬಿಟ್ಟು ಇರಬಾರದ ಜಾಗಕ್ಕೆ ಬಂದುದಕ್ಕೆ ಕೊಳೆಯೆಂದು ಹೆಸರು. ಈ ಮಾತಿಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಹೊಸ್ತಿಲಾಚೆಗೆ ಬಿಟ್ಟ ಕೆರವು ಕೆರವೇ. ಅದನ್ನೇ ಮಣೆಯ ಮೇಲಿಟ್ಟರೆ ಮನೆಯವರೆಲ್ಲ ಹೌಹಾರುತ್ತಾರೆ. ದಾರಿಯಲ್ಲಿ ಕಾಲಿಗೆ ಮೆತ್ತಿದ ಸಗಣಿ ಹೊಲಸು. ಅದೇ ಸಗಣಿ ನೆಲವನ್ನು ಸಾರಿಸಿದಾಗ ಶುದ್ಧಿ. ಸುಟ್ಟು ಸೋಸಿದಾಗ ಹಣೆಯ ಮೇಲಿನ ವಿಭೂತಿ. ಒಲೆಯ ಬೂದಿಯನ್ನು ತಿಪ್ಪೆಗೆ ಚೆಲ್ಲುವ ಕೈಯೇ ಆ ವಿಭೂತಿಯನ್ನು ಧರಿಸುತ್ತದೆ. ಯಾವುದು ಹೊಲಸು, ಯಾವುದು ಪವಿತ್ರ ಎಂಬುದನ್ನು ವಸ್ತುವು ಹೇಳುವುದಿಲ್ಲ. ಅದಕ್ಕೆ ಕೊಟ್ಟ ಸ್ಥಾನವು ಹೇಳುತ್ತದೆ.

ಈ ಎರಡು ವಿಚಾರಧಾರೆಗಳನ್ನು ಕೂಡಿಸಿ 'ನಾನು' ಎಂಬುದರ ಹುಟ್ಟಿಗೇ ಒಯ್ದು ಮುಟ್ಟಿಸಿದವಳು ಜೂಲಿಯಾ ಕ್ರಿಸ್ಟೆವಾ. 1941ರಲ್ಲಿ ಬಲ್ಗೇರಿಯ ದೇಶದಲ್ಲಿ ಹುಟ್ಟಿ 1965ರಲ್ಲಿ ಪ್ಯಾರಿಸ್ ನಗರಕ್ಕೆ ಬಂದ ಈ ವಿದುಷಿ ಭಾಷಾಶಾಸ್ತ್ರದಲ್ಲಿ ಹೆಸರಾದಳು. ಬಳಿಕ ಮನೋವಿಶ್ಲೇಷಕಿಯೂ ಆದಳು. ಹೇಯತ್ವದ ಭಯಂಕರ ಶಕ್ತಿಯನ್ನು ಕುರಿತು ಅವಳು ಫ್ರೆಂಚ್ ಭಾಷೆಯಲ್ಲಿ ಬರೆದ ಗ್ರಂಥವು 1980ರಲ್ಲಿ ಪ್ರಕಟವಾಯಿತು. 1982ರಲ್ಲಿ ಇಂಗ್ಲಿಷಿಗೆ ಬಂದಿತು. ಕೊಳಕಾಗಿರುವುದಾಗಲಿ ರೋಗಕರವಾಗಿರುವುದಾಗಲಿ ವಸ್ತುವನ್ನು ಹೇಯವನ್ನಾಗಿ ಮಾಡುವುದಿಲ್ಲ, ಇದು-ಅದು, ಒಳಗು-ಹೊರಗು, ನಾನು-ನಾನಲ್ಲದ್ದು ಎಂಬ ಮೇರೆಯನ್ನು ಕಲಕಿಬಿಡುವಂಥದು ಹೇಯವಾಗುತ್ತದೆ ಎಂದು ಅವಳು ವಾದಿಸಿದಳು.

ಅವಳ ದೃಷ್ಟಾಂತಗಳು ಮೂರು ನೆಲೆಯವು. ಮೊದಲನೆಯದು ಊಟದ್ದು: ಕಾಸಿದ ಹಾಲಿನ ಮೇಲೆ ಕಟ್ಟುವ ತೆಳ್ಳನೆಯ ಕೆನೆ. ಅದು ತುಟಿಗೆ ತಗಲಿದೊಡನೆ ವಾಕರಿಕೆ ಬರುವ ಅನುಭವವನ್ನು ಅವಳು ವಿವರಿಸುತ್ತಾಳೆ. ಕೆನೆಯನ್ನು ಕೂಡಿಟ್ಟು ಕಡೆದು ಬೆಣ್ಣೆ ತೆಗೆಯುವ ಮನೆಯವರಿಗೆ ಇದು ಸೋಜಿಗವಾಗಿ ಕಾಣಬಹುದು. ಒಬ್ಬರ ಹೇಯವು ಇನ್ನೊಬ್ಬರ ಸವಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎರಡನೆಯದು ಮೈಯಿಂದ ಹೊರಬೀಳುವ ಮಲ, ಮೂತ್ರ, ರಕ್ತ, ಕೀವು. ಇವು ಒಂದು ಗಳಿಗೆಯ ಹಿಂದೆ 'ನಾನು' ಆಗಿದ್ದವು. ಮೂರನೆಯದು ಹೆಣ. ಮೈಯು ಕ್ಷಣಕ್ಷಣಕ್ಕೂ ಏನನ್ನಾದರೂ ಹೊರಕ್ಕೆ ತಳ್ಳಿಯೇ ಬದುಕಿರುತ್ತದೆ. ಹೆಣದಲ್ಲಿಯಾದರೋ ತಳ್ಳುವವನೇ ಇಲ್ಲ, ತಳ್ಳಲ್ಪಟ್ಟುದು ಮಾತ್ರ ಉಳಿದಿದೆ. ಆದುದರಿಂದಲೇ ಅದು ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಕಂಗೆಡಿಸುತ್ತದೆ.

ಇದರ ಬೇರು ಶೈಶವದಲ್ಲಿದೆಯೆಂದು ಕ್ರಿಸ್ಟೆವಾ ಹೇಳುತ್ತಾಳೆ. ಕನ್ನಡಿಯಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ಹಿಗ್ಗುವಾಗ ಕೂಸಿಗೆ 'ನಾನು' ಎಂಬ ಭಾವವು ಮೊಳೆಯುತ್ತದೆಂದು ಫ್ರಾನ್ಸಿನ ಜಾಕ್ ಲಕಾನ್ ತನ್ನ 1949ರ ಪ್ರಬಂಧದಲ್ಲಿ ಪ್ರತಿಪಾದಿಸಿದ್ದನು. ಅದಕ್ಕೂ ಹಿಂದಕ್ಕೆ ಹೋಗಬೇಕೆಂಬುದು ಕ್ರಿಸ್ಟೆವಾಳ ಮತ. ಮೊದಲು ಕೂಸಿಗೂ ತಾಯಿಗೂ ನಡುವೆ ಗೆರೆಯಿಲ್ಲ. ಉಸಿರು, ಹಾಲು, ಬಿಸುಪು ಎಲ್ಲವೂ ಒಂದೇ. ಬೇರೆಯಾಗದೆ ಕೂಸು ಮನುಷ್ಯನಾಗಲಾರದು. ಆದುದರಿಂದ ಮಾತು ಬರುವ ಮೊದಲೇ, ಕನ್ನಡಿಯನ್ನು ಕಾಣುವ ಮೊದಲೇ, ಅದು ತನ್ನಿಂದ ಏನನ್ನೋ ಆಚೆಗೆ ತಳ್ಳಲು ತೊಡಗುತ್ತದೆ. ತಳ್ಳುವುದು ತಾಯಿಯ ಮೈಯನ್ನು. ಆದರೆ ಅದು ಇನ್ನೂ ತನ್ನದೇ ಮೈಯಾಗಿರುವುದರಿಂದ ಕೂಸು ಉಗುಳುವಾಗ ತನ್ನನ್ನೇ ತಾನು ಉಗುಳಿದಂತಾಗುತ್ತದೆ. ಹೀಗೆ ಎಸೆದುದು ಪೂರ್ಣವಾಗಿ ದೂರವಾಗುವುದಿಲ್ಲ. ಮೇರೆಯ ಆಚೆಗೆ ನಿಂತು ಜೀವಮಾನವಿಡೀ ಹೆದರಿಸುತ್ತ, ಸೆಳೆಯುತ್ತ ಇರುತ್ತದೆ. ಹೇಯವು ಪರಕೀಯವಲ್ಲ, ಮರೆಯಾದ ಸ್ವಕೀಯ ಎಂಬುದು ಈ ಸಿದ್ಧಾಂತದ ತಿರುಳು.

ಈ ವಾದಕ್ಕೆ ಆಕ್ಷೇಪಗಳೂ ಬಂದಿವೆ. ತಾಯಿಯ ಮೈಯನ್ನು ಮೊದಲ ಹೇಯವೆಂದು ಹೇಳಿದರೆ, ಹೆಣ್ಣಿನ ವಿಷಯದಲ್ಲಿ ಲೋಕವು ತೋರುತ್ತ ಬಂದ ತಿರಸ್ಕಾರಕ್ಕೆ ಶಾಸ್ತ್ರದ ಮುದ್ರೆ ಒತ್ತಿದಂತಾಗುವುದಿಲ್ಲವೇ ಎಂದು ಸ್ತ್ರೀವಾದಿ ಚಿಂತಕಿಯರು ಕೇಳಿದರು. ಅಮೆರಿಕದ ಜೂಡಿತ್ ಬಟ್ಲರ್ 1990ರ ತನ್ನ ಗ್ರಂಥದಲ್ಲಿ ಇದೇ ಸಿದ್ಧಾಂತವನ್ನು ಸಮಾಜಕ್ಕೆ ತಿರುಗಿಸಿತು: ಒಳಗು-ಹೊರಗು ಎಂಬ ಮೇರೆಯನ್ನು ಸಮಾಜವೇ ಎಳೆಯುತ್ತದೆ, ಕೆಲವರನ್ನು ಹೊರಗಿನವರೆಂದು ತಳ್ಳಿ, ಆ ತಳ್ಳುವಿಕೆಯಿಂದಲೇ ಉಳಿದವರು ತಾವು ಇಂಥವರೆಂಬ ಗುರುತನ್ನು ಪಡೆಯುತ್ತಾರೆ. ಫ್ರಾನ್ಸಿನ ಜಾರ್ಜ್ ಬತಾಯ್ 1934ರಷ್ಟು ಹಿಂದೆಯೇ ಬರೆದ ಟಿಪ್ಪಣಿಯೊಂದು ಅವನ ಮರಣಾನಂತರ ಬೆಳಕಿಗೆ ಬಂದಿತು. ಬಡವರಲ್ಲಿ ಬಡವರಾದವರಿಗೆ ಹೊಲಸಿನಿಂದ ದೂರವಿರುವ ಅನುಕೂಲವನ್ನೇ ಕೊಡದ ಸಮಾಜವು ಅವರನ್ನು ಹೊಲಸಿನೊಡನೆ ಸೇರಿಸಿ ಹೇಸುತ್ತದೆಂಬ ವಿಚಾರ ಅದರಲ್ಲಿದೆ. ವಸ್ತುವಿನಿಂದ ವ್ಯಕ್ತಿಗೆ ಹೇಸಿಕೆಯು ಹೀಗೆ ಹಾಯ್ದು ಹೋಗುವುದೇ ನೀತಿಯ ದೃಷ್ಟಿಯಿಂದ ಅತ್ಯಂತ ಕಳವಳಕಾರಿಯಾದ ಸಂಗತಿ.

ಹಾಯುವ ಬಗೆಯನ್ನು ಒಬ್ಬ ಲೇಖಕನ ಬಾಳಿನಲ್ಲಿಯೇ ನೋಡಬಹುದು. ಕ್ರಿಸ್ಟೆವಾ ತನ್ನ ಗ್ರಂಥದ ದೊಡ್ಡ ಭಾಗವನ್ನು ಲೂಯಿ ಫರ್ಡಿನಾಂಡ್ ಸೆಲೀನ್ ಎಂಬ ಫ್ರೆಂಚ್ ಕಾದಂಬರಿಕಾರನಿಗೆ ಮೀಸಲಿಟ್ಟಿದ್ದಾಳೆ. ಇವನು ವೃತ್ತಿಯಿಂದ ವೈದ್ಯ. 1924ರಲ್ಲಿ ವೈದ್ಯ ಪದವಿಗಾಗಿ ಇವನು ಬರೆದ ಪ್ರಬಂಧವು ಸೆಮ್ಮೆಲ್‌ವೈಸ್ ಎಂಬ ಮಹನೀಯನ ಚರಿತ್ರೆ. ಸೆಮ್ಮೆಲ್‌ವೈಸನು 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ, ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ವೈದ್ಯರು ಬಾಣಂತಿಯರನ್ನು ಮುಟ್ಟುವುದು ಸಾವಿಗೆ ಕಾರಣವೆಂದು ಕಂಡುಹಿಡಿದನು. ಸುಣ್ಣದ ಕ್ಲೋರೈಡ್ ಕಲಸಿದ ನೀರಿನಿಂದ ಕೈ ತೊಳೆಯುವ ಕಟ್ಟಳೆ ಮಾಡಿದನು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳುಗಳಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಇಂಥ ಮಹಾತ್ಮನನ್ನು ಕೊಂಡಾಡಿದ ಅದೇ ಸೆಲೀನನು 1937ರಿಂದ ಮೊದಲುಗೊಂಡು ಯಹೂದ್ಯರನ್ನು ನಾಡಿನ ಕೊಳೆಯೆಂದು ಹಳಿಯುವ ದ್ವೇಷದ ಪುಸ್ತಕಗಳನ್ನು ಬರೆದನು. ಕೈಯ ಕೊಳೆ ತೊಳೆಯಬೇಕೆಂದವನು ಮನುಷ್ಯರನ್ನೇ ತೊಳೆದುಹಾಕಬೇಕೆಂದನು.

ಇತ್ತ ಜರ್ಮನಿಯಲ್ಲಿ 1940ರಲ್ಲಿ ತೆಗೆದ ಪ್ರಚಾರದ ಚಲಚ್ಚಿತ್ರವೊಂದು ಯಹೂದ್ಯರನ್ನು ಇಲಿಗಳ ಹಿಂಡಿಗೆ ಹೋಲಿಸಿ ತೋರಿಸಿತು. ಹುಳುಹುಪ್ಪಡಿಗಳನ್ನು ಕೊಲ್ಲಲೆಂದು ಮಾಡಿದ ಸೈಕ್ಲಾನ್-ಬಿ ಎಂಬ ವಿಷವನ್ನೇ ಮನುಷ್ಯರ ಮೇಲೆ ಪ್ರಯೋಗಿಸಿದರು. ಆ ಮಹಾಯುದ್ಧದ ಕಾಲದಲ್ಲಿ ಸುಮಾರು 60 ಲಕ್ಷ ಯಹೂದ್ಯರು ಹತರಾದರು. ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಮನಗಾಣಬೇಕು. ತೊಳೆದರೆ ಹೋಗುವ ಕೊಳೆ ಒಂದು. ಎಷ್ಟು ತೊಳೆದರೂ ಹೋಗದೆಂದು ಹೇಳುವ ಕೊಳೆ ಇನ್ನೊಂದು. ಮೊದಲನೆಯದು ಕೈಗೆ ಅಂಟಿದುದು; ಅದನ್ನು ತೊಳೆಯುವುದು ಶುಚಿತ್ವ, ಅದು ಜೀವವನ್ನು ಉಳಿಸುತ್ತದೆ. ಎರಡನೆಯದು ಹುಟ್ಟಿಗೆ ಅಂಟಿಸಿದುದು. ಅದಕ್ಕೆ ನೀರು ಸಾಲದು, ಸೋಪು ಸಾಲದು. ಕೊನೆಗೆ ಆ ಮನುಷ್ಯನೇ ಇಲ್ಲವಾಗಬೇಕೆಂಬಲ್ಲಿಗೆ ಅದು ಹೋಗಿ ನಿಲ್ಲುತ್ತದೆ.

ಭರತಖಂಡದಲ್ಲಿ ಈ ಎರಡನೆಯ ಬಗೆಯ ಕೊಳೆಗೆ ದೊಡ್ಡ ಇತಿಹಾಸವಿದೆ. ಫ್ರೆಂಚ್ ಪಂಡಿತ ಲೂಯಿ ದ್ಯೂಮಾನನು 1966ರ ಗ್ರಂಥದಲ್ಲಿ ಜಾತಿಪದ್ಧತಿಯ ಆಧಾರಸ್ತಂಭವೇ ಶುದ್ಧ-ಅಶುದ್ಧಗಳ ಭೇದವೆಂದು ವಾದಿಸಿದನು. ಕ್ರಿಸ್ಟೆವಾ ಕೂಡ ಈ ಪದ್ಧತಿಯನ್ನು ತನ್ನ ಗ್ರಂಥದಲ್ಲಿ ಪರಾಮರ್ಶಿಸಿದ್ದಾಳೆ. 1927ರ ಮಾರ್ಚ್ ತಿಂಗಳಲ್ಲಿ ಡಾ. ಅಂಬೇಡಕರರು ಸಾವಿರಾರು ಜನರೊಡನೆ ಮಹಾಡ್ ಪಟ್ಟಣದ ಚೌದಾರ್ ಕೆರೆಗೆ ಹೋಗಿ ನೀರು ಕುಡಿದರು. ದನಕರುಗಳು ಕುಡಿದರೆ ಕೆಡದ ನೀರು ಮನುಷ್ಯರ ಬೊಗಸೆಯಿಂದ ಕೆಟ್ಟಿತೆಂದು ಅಲ್ಲಿಯ ಮೇಲ್ಜಾತಿಯವರು ಬಗೆದರು. ಅದನ್ನು 'ಶುದ್ಧಿ'ಗೊಳಿಸಲು ಅವರು ಕೆರೆಗೆ ಹಾಕಿದ್ದು ಗೋಮಯ, ಗೋಮೂತ್ರಗಳನ್ನು. ಕೊಳೆಯೆಂಬುದು ವಸ್ತುವಿನಲ್ಲಿಲ್ಲ, ಎಳೆದ ಗೆರೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ದೊರೆಯಲಾರದು.

ಈ ಸಂದರ್ಭದಲ್ಲಿ ಶರಣರ ಪಂಚಸೂತಕ ನಿರಾಕರಣೆಯನ್ನು ನೆನೆಯುವುದು ಉಚಿತ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ಈ ಪರಂಪರೆಯ ಪ್ರಸಿದ್ಧ ತತ್ತ್ವ. ಕ್ರಿಸ್ಟೆವಾಳ ದೃಷ್ಟಾಂತಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಸೋಜಿಗವಾಗುತ್ತದೆ. ಹೆಣ, ರಕ್ತ, ತಾಯಿಯ ಮೈಯಿಂದ ಕೂಸು ಬೇರಾಗುವ ಸಮಯ, ಬಾಯಿಯ ಎಂಜಲು: ಒಳಗು-ಹೊರಗುಗಳ ಮೇರೆ ಕಲಕುವ ತಾಣಗಳೆಲ್ಲ ಈ ಐದರಲ್ಲಿಯೇ ಬಂದುಬಿಡುತ್ತವೆ. ಮೊದಲಿನ ನಾಲ್ಕು ಮೈಗೆ ಸಂಬಂಧಿಸಿದವು; ಐದನೆಯದು ಸಮಾಜಕ್ಕೆ ಸಂಬಂಧಿಸಿದುದು. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಎಣಿಸಿದುದು ಆಕಸ್ಮಿಕವಾಗಿ ತೋರುವುದಿಲ್ಲ. ಮೈಯ ಹೇಸಿಕೆಯಿಂದಲೇ ಜಾತಿಯ ಹೇಸಿಕೆಯು ಬಲ ಪಡೆಯುವುದರಿಂದ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆಯಲಾಗದು. ಹೆಪ್ಪುಗಟ್ಟಿದ ಚರ್ಮವನ್ನು ಹದ ಮಾಡುವ ಡೋಹರ ಕಕ್ಕಯ್ಯ, ಕೆರ ಹೊಲಿಯುವ ಹರಳಯ್ಯ, ಅನ್ಯರ ಮೈಲಿಗೆ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ ಇವರೆಲ್ಲ ಲೋಕವು ಎಸೆದುದನ್ನು ಕೈಯಲ್ಲಿ ಹಿಡಿದು ಬಾಳಿದವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರಿಗೆ ದೊರೆತುದು ಅನುಕಂಪವಲ್ಲ, ಸಮಾನ ಸ್ಥಾನ.

ಹಾಗೆಂದು ಶರಣರು ಕೊಳೆಯನ್ನು ಒಳ್ಳೆಯದೆಂದು ಹೇಳಲಿಲ್ಲ. ಮೇರೆಯೇ ಬೇಡವೆಂದೂ ಹೇಳಲಿಲ್ಲ. ಅವರು ಮೇರೆಯ ಜಾಗವನ್ನು ಬದಲಿಸಿದರು. ಹುಟ್ಟಿನಲ್ಲಿದ್ದ ಗೆರೆಯನ್ನು ತೆಗೆದು ನಡೆಯಲ್ಲಿ ಎಳೆದರು. ಹುಟ್ಟಿನ ಗೆರೆಯ ಆಚೆಗಿರುವವನಿಗೆ ಈಚೆಗೆ ಬರುವ ದಾರಿಯಿಲ್ಲ. ನಡೆಯ ಗೆರೆಯನ್ನು ಯಾರು ಬೇಕಾದರೂ ಯಾವ ದಿನ ಬೇಕಾದರೂ ದಾಟಬಹುದು. ಆದರೆ ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಭಕ್ತ-ಭವಿ ಎಂಬುದೂ ಒಂದು ಗೆರೆಯೇ. ನಡೆಯಿಂದ ಗಳಿಸಿದ ಹೆಸರು ತಲೆಮಾರುಗಳು ಕಳೆದಂತೆ ಹುಟ್ಟಿನಿಂದ ದೊರೆಯುವ ಹೆಸರಾದರೆ, ತೆಗೆದುಹಾಕಿದ ಹಳೆಯ ಗೆರೆಯು ಹೊಸ ಹೆಸರಿನಲ್ಲಿ ತಿರುಗಿ ಬಂದಂತಾಯಿತು. ಸೂತಕವಿಲ್ಲವೆಂದು ಹೇಳುವ ಮನೆಯಲ್ಲಿ ಹೊಲದಾಳಿಗೆ ಬೇರೆ ಲೋಟವಿದ್ದರೆ, ಪಾಯಖಾನೆ ತೊಳೆಯುವವಳಿಗೆ ಮೇಲಿನಿಂದ ನೀರು ಹೊಯ್ದರೆ, ಆ ಮನೆಯಲ್ಲಿ ಐದು ಸೂತಕಗಳೂ ಮರಳಿ ಬಂದು ನೆಲೆಸಿವೆ ಎಂದೇ ಅರ್ಥ. ಉಗುಳಿದುದು ಮೇರೆಯಾಚೆ ಕಾದು ನಿಂತಿರುತ್ತದೆಂಬ ಮನಶ್ಶಾಸ್ತ್ರದ ಮಾತು ವ್ಯಕ್ತಿಗಳಿಗೆ ಹೇಗೋ ಸಮುದಾಯಗಳಿಗೂ ಹಾಗೆಯೇ ಸಲ್ಲುತ್ತದೆ.

ರಾಜ್ಯಾಂಗವು 1950ರಲ್ಲಿ ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದನ್ನು ದಂಡನಾರ್ಹ ಅಪರಾಧವನ್ನಾಗಿ ಮಾಡಿದ ಕಾಯಿದೆ 1955ರದು. ಮಲ ಬಳಿಯುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು 1993ರಲ್ಲಿಯೂ, ಮತ್ತೆ ಹೆಚ್ಚು ವಿಸ್ತಾರವಾಗಿ 2013ರಲ್ಲಿಯೂ ಕಾನೂನು ನಿಷೇಧಿಸಿತು. ಆದರೂ ಮೋರಿಗಳಿಗೆ ಇಳಿದವರು ಸಾಯುವ ಸುದ್ದಿ ನಿಂತಿಲ್ಲ. 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆತಲಾಂತರದಿಂದ ಈ ಕೆಲಸ ಮಾಡುತ್ತ ಬಂದ ಕುಟುಂಬದವರು, ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ಪ್ರತಿಭಟಿಸಿ ಎಲ್ಲರೆದುರಿಗೆ ಮಲವನ್ನು ಮೈಗೆ ಬಳಿದುಕೊಂಡರು. ನೋಡಿದವರು ಹೇಸಿ ಮುಖ ತಿರುಗಿಸಿರಬಹುದು. ಆದರೆ ಆ ಹೊಲಸು ಅವರದಾಗಿರಲಿಲ್ಲ, ಊರಿನದಾಗಿತ್ತು. ಊರು ತನ್ನಿಂದ ಎಸೆದುದನ್ನು ಯಾರ ತಲೆಯ ಮೇಲೆ ಹೊರಿಸಿತ್ತೋ ಅವರು ಅದನ್ನು ಊರಿನ ಕಣ್ಣೆದುರಿಗೆ ತಂದು ತೋರಿಸಿದರು.

ಎಸೆಯುವವನ ಮನಸ್ಸನ್ನು ಈ ಸಿದ್ಧಾಂತವು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಎಸೆಯಲ್ಪಟ್ಟವನ ನೋವನ್ನು ಅದೇ ಪ್ರಮಾಣದಲ್ಲಿ ಹೇಳುವುದಿಲ್ಲ. ಕೂಸು ಮನೆಯವರ ಮುಖವನ್ನು ನೋಡಿ ಹೇಸಿಕೆಯನ್ನು ಕಲಿಯುವಂತೆ, ದಿನವೂ ಅನ್ಯರ ಮುಖದಲ್ಲಿ ಹೇಸಿಕೆಯನ್ನೇ ಕಾಣುವವನು ತನ್ನನ್ನು ಕಂಡು ತಾನೇ ಹೇಸುವುದನ್ನು ಕಲಿಯುತ್ತಾನೆ. ಒಬ್ಬನ 'ನಾನು' ಗಟ್ಟಿಯಾಗಲೆಂದು ಇನ್ನೊಬ್ಬನ 'ನಾನು' ಮುರಿಯುತ್ತದೆ. ಇದಕ್ಕಿಂತ ದೊಡ್ಡ ಹಿಂಸೆಯನ್ನು ಆಯುಧವಿಲ್ಲದೆ ಮಾಡುವುದು ಕಷ್ಟ. ಇಂಥ ಹಿಂಸೆಗೆ ಸಿಟ್ಟು ಬೇಕಿಲ್ಲ, ಬೈಗುಳ ಬೇಕಿಲ್ಲ. ಕೈ ಒಂದು ಗೇಣು ಹಿಂದೆ ಸರಿದರೆ ಸಾಕು.

ಹಾಗಾದರೆ ಹೇಸಿಕೆಯು ಮಾನವನ ಹುಟ್ಟುಗುಣವೆಂದೂ ಅದರಿಂದ ಬಿಡುಗಡೆಯಿಲ್ಲವೆಂದೂ ಕೈ ಚೆಲ್ಲಬೇಕೇ? ಮನೋವಿಶ್ಲೇಷಣೆಯ ಇನ್ನೊಂದು ಧಾರೆಯು ಇಲ್ಲಿ ನೆರವಿಗೆ ಬರುತ್ತದೆ. ಇಂಗ್ಲೆಂಡಿನ ಡೊನಾಲ್ಡ್ ವಿನಿಕಾಟ್ ಮಕ್ಕಳ ವೈದ್ಯನಾಗಿ ಸಾವಿರಾರು ತಾಯಂದಿರನ್ನೂ ಕೂಸುಗಳನ್ನೂ ಕಂಡವನು. ಕೂಸಿಗೆ 'ನಾನಿದ್ದೇನೆ' ಎಂಬ ಭಾವವು ಬರಬೇಕಾದರೆ ಅದನ್ನು ಯಾರಾದರೂ ಎತ್ತಿ ಹಿಡಿದಿರಬೇಕು ಎಂದು ಅವನು 1960ರ ಪ್ರಬಂಧದಲ್ಲಿ ವಿವರಿಸಿದನು. ಮೈಯನ್ನು ಹಿಡಿಯುವುದು, ಮನಸ್ಸನ್ನು ಹಿಡಿಯುವುದು, ಅಳುವನ್ನೂ ರಂಪವನ್ನೂ ಸಹಿಸುವುದು ಎಲ್ಲವೂ ಆ ಹಿಡಿತದಲ್ಲಿ ಸೇರಿವೆ. ಈ ಮಾತನ್ನು ಹಿಂದಿನ ಸಿದ್ಧಾಂತದೊಡನೆ ಕೂಡಿಸಿ ನೋಡಬೇಕು. ಕೂಸು ತಾಯಿಯನ್ನು ತಳ್ಳಿ 'ನಾನು' ಆಗುತ್ತದೆಂಬುದು ನಿಜವಿರಬಹುದು. ಆದರೆ ತಳ್ಳುವ ಆ ಕೂಸನ್ನು ತಾಯಿಯು ಕೆಳಗೆ ಬೀಳಗೊಡದೆ ಹಿಡಿದಿದ್ದಳು. ಅದು ಉಗುಳಿದುದನ್ನು ಸೆರಗಿನಿಂದ ಒರೆಸಿದಳು. ಅದರ ಮಲವನ್ನು ಬಳಿದ ಕೈಯನ್ನು ತೊಳೆದುಕೊಂಡು ಅದೇ ಕೈಯಿಂದ ತುತ್ತು ಉಣಿಸಿದಳು. ಹೇಸಿಕೆಯ ಮೊದಲ ಪಾಠವನ್ನು ಕಲಿಸಿದವಳೂ ಅವಳೇ, ಹೇಸಿಕೆಯನ್ನು ಪ್ರೀತಿಯಿಂದ ದಾಟಬಹುದೆಂದು ಮೊದಲು ತೋರಿಸಿದವಳೂ ಅವಳೇ. ಎರಡನೆಯ ಪಾಠವನ್ನು ಲೋಕವು ಬೇಗ ಮರೆಯುತ್ತದೆ.

ವರ್ಷಗಳುರುಳಿ ಅದೇ ತಾಯಿಯು ಹಾಸಿಗೆ ಹಿಡಿದಾಗ ಮರೆತ ಪಾಠವು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಅವಳ ಮಲಮೂತ್ರಗಳನ್ನು ತೆಗೆಯಬೇಕಾದ ಮಗನಿಗಾಗಲಿ ಸೊಸೆಗಾಗಲಿ ಮೊದಲ ದಿನ ಉಸಿರು ಕಟ್ಟುತ್ತದೆ. ಹತ್ತನೆಯ ದಿನ ಕೈ ನಡುಗುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅದು ಮನೆಯ ಇತರ ಕೆಲಸಗಳಂತೆ ಒಂದು ಕೆಲಸವಾಗುತ್ತದೆ. ವಾಸನೆ ಇದ್ದೇ ಇದೆ, ಆದರೆ ಆ ವಾಸನೆಯ ಹಿಂದೆ ಇರುವ ಮುಖವು ಎದ್ದು ಕಾಣುತ್ತದೆ. ಈ ಸೇವೆಯನ್ನು ಮಾಡಿದವನಿಗೆ ಒಂದು ಸತ್ಯವು ಮೈಯಲ್ಲಿಯೇ ಗೊತ್ತಾಗಿರುತ್ತದೆ: ಹೇಸಿಕೆಯು ಆಜ್ಞೆಯಲ್ಲ, ಅಭ್ಯಾಸ. ಕಲಿತುದನ್ನು ಮರೆಯಲೂಬಹುದು. ಕೈಯನ್ನು ತೊಳೆದುಕೊಳ್ಳುವ ಅಭ್ಯಾಸವನ್ನು ಬಿಡಬೇಕಾಗಿಲ್ಲ. ಮನುಷ್ಯನನ್ನು ತೊಳೆದುಕೊಳ್ಳುವ ಅಭ್ಯಾಸವನ್ನು ಬಿಟ್ಟರಾಯಿತು.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ಹೀಗೆ ಉತ್ತರ ಹೇಳಬಹುದು. ಹೇಸಿಕೆಯು ಒಂದು ಸಾಕ್ಷಿ, ನ್ಯಾಯಾಧೀಶನಲ್ಲ. ಅದು ನುಡಿಯುವುದು ಎದುರಿಗಿರುವವನ ವಿಷಯವಾಗಿ ಅಲ್ಲ, ಹೇಸಿದವನ ವಿಷಯವಾಗಿ: ಅವನ ಮೇರೆ ಎಲ್ಲಿದೆ, ಅದು ಎಷ್ಟು ತೆಳುವಾಗಿದೆ, ಅದು ಒಡೆಯುವುದೆಂದು ಅವನು ಎಷ್ಟು ಅಂಜಿದ್ದಾನೆ ಎಂಬುದನ್ನು. ಎಸೆಯುವುದೊಂದರಿಂದಲೇ ತನ್ನ ಗುರುತನ್ನು ಕಟ್ಟಿಕೊಂಡವನಿಗೆ ನೆಮ್ಮದಿಯಿಲ್ಲ. ಇಂದು ಎಸೆದುದು ನಾಳೆ ಮರಳುವುದರಿಂದ ಅವನು ಎಸೆಯುತ್ತಲೇ ಇರಬೇಕು. ಎಸೆಯಲು ಹೊಸಹೊಸಬರನ್ನು ಹುಡುಕುತ್ತಲೇ ಇರಬೇಕು. ಹಿಡಿದುದರಿಂದ ಗುರುತನ್ನು ಪಡೆದವನ ಪಾಡು ಬೇರೆ. ಕ್ರಿಸ್ಟೆವಾ ತನ್ನ 1988ರ ಗ್ರಂಥದಲ್ಲಿ, ಪರಕೀಯನು ಹೊರಗಿಲ್ಲ, ಪ್ರತಿಯೊಬ್ಬನೊಳಗೂ ಇದ್ದಾನೆ, ಅವನನ್ನು ಅಲ್ಲಿ ಗುರುತಿಸಿದವನು ಹೊರಗಿನವನನ್ನು ದ್ವೇಷಿಸಲಾರನು ಎಂಬ ನಿರ್ಣಯಕ್ಕೆ ಬಂದಳು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದಿಟ್ಟಿಯಿಟ್ಟು ಕುಳಿತ ಭಕ್ತನಿಗೆ ಇದೇ ವಿಷಯವು ಬೇರೊಂದು ದಾರಿಯಿಂದ ತಿಳಿಯಬೇಕಾದುದು. ಅವನು ಭಕ್ತನಾದುದು ಆ ಅಂಗೈ ಹಿಡಿದುದರಿಂದ. ಪೂಜೆ ಮುಗಿಸಿ ಎದ್ದ ಮೇಲೆ ಅದೇ ಅಂಗೈಯನ್ನು ಬಾಗಿಲಲ್ಲಿ ನಿಂತವನಿಂದ ಹಿಂದಕ್ಕೆಳೆದುಕೊಂಡರೆ, ಬೆಳಗಿನ ಪೂಜೆಯು ಯಾರಿಗೆ ಸಂದಿತೆಂಬುದನ್ನು ಅವನೇ ವಿಚಾರಿಸಿಕೊಳ್ಳಬೇಕು.